ಹೆಣಿಗೆಯ ಹೊದಿಕೆಗೊಂದು ಅಂದಾಜುಪತ್ರ

ಉತ್ತರ ಕರ್ನಾಟಕದಿಂದ ಮುಂಬಯಿಗೆ ಬಂದು ನೆಲೆಸಿದ ಕುಟುಂಬಗಳಿಗೆ ಕೌದಿ ಹೊಸ ವಸ್ತುವಲ್ಲ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಈ ಹೊದಿಕೆಗೆ ಮುಂಗಡ ಲೆಕ್ಕ ಬೇಕಿಲ್ಲ. ಮನೆಯಲ್ಲಿರುವ ಬಟ್ಟೆಯೇ ಅದರ ಅಳತೆಯನ್ನು ನಿರ್ಧರಿಸುತ್ತದೆ. ಉಣ್ಣೆಯ ಚೌಕಗಳನ್ನು ಹೆಣೆದು ಜೋಡಿಸುವ ಹೊದಿಕೆಯ ಮಾತು ಬೇರೆ. ಇಲ್ಲಿ ನೂಲನ್ನು ಹಣ ಕೊಟ್ಟು ತರಬೇಕು. ಹೆಚ್ಚಾದರೆ ದುಂದು, ಕಡಿಮೆಯಾದರೆ ಹೊದಿಕೆಯೇ ಅರ್ಧಕ್ಕೆ ನಿಲ್ಲುವ ಭಯ. ಹೆಸರಿಗೆ ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ನೂಲಿನ ಛಾಯೆ ಕೊಂಚ ಬದಲಾಗುತ್ತದೆ. ಉಂಡೆಯ ಚೀಟಿಯಲ್ಲಿ ಲಾಟ್ ಸಂಖ್ಯೆ ಇರುವುದು ಇದಕ್ಕಾಗಿಯೇ. ಆದುದರಿಂದ ಬೇಕಾದ ನೂಲನ್ನೆಲ್ಲ ಒಮ್ಮೆಗೇ ಕೊಳ್ಳುವುದು ಕ್ಷೇಮ.

ಉದಾಹರಣೆಗೆ, 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಹೊದಿಕೆಯನ್ನು ತೆಗೆದುಕೊಳ್ಳೋಣ. ಚೌಕದ ಬದಿ 15 ಸೆಂ.ಮೀ. ಎಂದಾದರೆ ಅಡ್ಡಕ್ಕೆ 6, ಉದ್ದಕ್ಕೆ 8, ಒಟ್ಟು 48 ಚೌಕಗಳು. ಮೊದಲು ಒಂದೇ ಉಂಡೆ ತಂದು ನಾಲ್ಕು ಚೌಕಗಳನ್ನು ಹೆಣೆದು, ಒಗೆದು ಒಣಗಿಸಿ, ಅಳತೆ ಸರಿಯಾಗಿದೆಯೇ ಎಂದು ನೋಡಿ, ನಾಲ್ಕನ್ನೂ ಒಟ್ಟಿಗೆ ತೂಗಬೇಕು. ಒಂದನ್ನೇ ತೂಗಿ ಅರ್ಧ ಗ್ರಾಂ ತಪ್ಪಿದರೆ, 48 ಚೌಕಗಳಿಗೆ ಆ ತಪ್ಪು 24 ಗ್ರಾಂಗಳಷ್ಟು ಬೆಳೆಯುತ್ತದೆ. ನಾಲ್ಕು ಚೌಕಗಳು 44 ಗ್ರಾಂ ತೂಗಿದವೆನ್ನೋಣ; ಆಗ ಚೌಕವೊಂದಕ್ಕೆ 11 ಗ್ರಾಂ, ಒಟ್ಟು 528 ಗ್ರಾಂ. ಜೋಡಣೆಗೂ ನೂಲಿನ ತುದಿಗಳಿಗೂ ಶೇಕಡಾ 10ರಂತೆ 53 ಗ್ರಾಂ, ಸುತ್ತಲಿನ ಅಂಚಿಗೆ 60 ಗ್ರಾಂ ಸೇರಿಸಿದರೆ 641 ಗ್ರಾಂ. 50 ಗ್ರಾಂನ 13 ಉಂಡೆಗಳು ಸಾಕೆಂದು ತೋರುತ್ತದೆ.

ಆದರೆ ಅಂಗಡಿಗೆ ಹೋಗುವ ಮೊದಲು ಲೆಕ್ಕವನ್ನು ಬಣ್ಣವಾರು ವಿಂಗಡಿಸಬೇಕು. ಒಂದು ಬಣ್ಣದ ಉಳಿಕೆ ಇನ್ನೊಂದರ ಕೊರತೆಯನ್ನು ತುಂಬಲಾರದು. ನಾಲ್ಕು ಬಣ್ಣಗಳಾದರೆ ಒಂದೊಂದರಲ್ಲಿ 12 ಚೌಕಗಳು, ಅಂದರೆ 132 ಗ್ರಾಂ. ಮೂರು ಬಣ್ಣಗಳಿಗೆ ಮೂರು ಮೂರರಂತೆ 9 ಉಂಡೆಗಳು ಬೇಕು. ಬಿಳಿಯಲ್ಲೇ ಜೋಡಣೆಯೂ ಅಂಚೂ ಆಗುವುದಾದರೆ ಬಿಳಿಗೆ 245 ಗ್ರಾಂ. 5 ಉಂಡೆಗಳು ಸಾಲುತ್ತವಾದರೂ ಉಳಿಯುವುದು 5 ಗ್ರಾಂ ಮಾತ್ರ. 6 ಕೊಳ್ಳುವುದೇ ವಿವೇಕ. ಹೀಗೆ 13ರ ಅಂದಾಜು 15ಕ್ಕೆ ಏರುತ್ತದೆ. ಉಳಿಯುವ ನೂಲು ವ್ಯರ್ಥವಲ್ಲ. ಮುಂದೆ ಚೌಕವೊಂದು ಹರಿದರೆ ಅದೇ ಛಾಯೆಯಲ್ಲಿ ಇನ್ನೊಂದನ್ನು ಹೆಣೆಯಬಹುದು.

ಮಾದರಿ ಹೆಣೆದ ನೂಲನ್ನು ಬಿಟ್ಟು ಬೇರೆ ಬಗೆಯದನ್ನು ಕೊಂಡರೆ ಈ ತೂಕದ ಲೆಕ್ಕ ಉಪಯೋಗಕ್ಕೆ ಬಾರದು. ಸಮಾನ ದಪ್ಪದ ಹತ್ತಿಯ ನೂಲು 50 ಗ್ರಾಂನಲ್ಲಿ ಅಕ್ರಿಲಿಕ್‌ಗಿಂತ ಕಡಿಮೆ ಉದ್ದ ಬರುತ್ತದೆ. ಆಗ ಚೀಟಿಯಲ್ಲಿರುವ ಮೀಟರುಗಳನ್ನು ಹೋಲಿಸಬೇಕು.

ಡೊಂಬಿವಲಿಯವರೊಬ್ಬರು, ಬೊರಿವಲಿಯವರೊಬ್ಬರು ಹೀಗೆ ಹಲವರು ಸೇರಿ ಹೆಣೆಯುವುದಾದರೆ ಕೈಯ ಬಿಗಿ ಒಬ್ಬೊಬ್ಬರದು ಒಂದೊಂದು ತೆರನಾಗಿರುತ್ತದೆ. ಎಲ್ಲರಿಗೂ 15 ಸೆಂ.ಮೀ.ನ ರಟ್ಟಿನ ಚೌಕವೊಂದನ್ನು ಅಳತೆಗಾಗಿ ಹಂಚಬೇಕು. ಬಿಗಿಯಾಗಿ ಹೆಣೆಯುವವರು ದಪ್ಪ ಕಡ್ಡಿಯನ್ನೂ ಸಡಿಲವಾಗಿ ಹೆಣೆಯುವವರು ತೆಳು ಕಡ್ಡಿಯನ್ನೂ ಬಳಸಿದರೆ ಚೌಕಗಳು ಒಂದಕ್ಕೊಂದು ಹೊಂದುತ್ತವೆ.

ಕೊನೆಯದಾಗಿ ಆರೋಗ್ಯದ ಮಾತು. ಆಗಾಗ ಕಡ್ಡಿ ಕೆಳಗಿಟ್ಟು ಕಣ್ಣಿಗೂ ಮಣಿಕಟ್ಟಿಗೂ ವಿಶ್ರಾಂತಿ ನೀಡಬೇಕು. ಒಂದು ವರ್ಷ ತುಂಬದ ಮಗು ಮಲಗಿರುವಾಗ ಸಡಿಲವಾದ ಹೊದಿಕೆ ಹೊದಿಸಬಾರದು. ಅದು ಮುಖದ ಮೇಲೆ ಸರಿದರೆ ಉಸಿರಿಗೆ ಅಪಾಯ. ಮುಂಬಯಿಯ ಮಳೆಗಾಲದಲ್ಲಿ ಹೊದಿಕೆಯನ್ನು ಚೆನ್ನಾಗಿ ಒಣಗಿಸಿಯೇ ಕಪಾಟಿನಲ್ಲಿಡಬೇಕು. ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಂಡ ಹೊದಿಕೆ ಮುಗಿಯುತ್ತದೆ. ಊಹೆಯ ಮೇಲೆ ಹಿಡಿದದ್ದು ಬಹುಮಟ್ಟಿಗೆ ಚೀಲದಲ್ಲೇ ಉಳಿಯುತ್ತದೆ.