ಲಂಡನ್ ಅಳಿಯ ಸಿಕ್ಕ ಮಾತ್ರಕ್ಕೆ ಮಗಳಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಸಿಗಲ್ಲ: ಬಾಣಂತನದ ದಿನಗಳೂ ಲೆಕ್ಕಕ್ಕಿವೆ

ಮಗಳನ್ನ ಲಂಡನ್‌ಗೆ ಕೊಟ್ಟಿದ್ದೀವಿ, ಇನ್ನೇನು ಅವಳೂ ಅಲ್ಲಿಯವಳೇ ಅನ್ನೋ ಮಾತು ಮದುವೆ ಮನೆಯಲ್ಲಿ, ಅಂಗಡಿ ಕಟ್ಟೆಯಲ್ಲಿ ಕೇಳಿಬರುತ್ತೆ. ಆದರೆ ಬ್ರಿಟನ್ ಕಾನೂನಿನಲ್ಲಿ ತಾಳಿ ಕಟ್ಟಿದ ಕೂಡಲೇ ಪೌರತ್ವ ಬರುವುದಿಲ್ಲ. ಅರ್ಜಿ ಹಾಕುವ ಅವಕಾಶ ಸಿಗುತ್ತದೆ, ಅದೂ ವರ್ಷಗಳ ನಂತರ.

ಮೊದಲು ನೋಡಬೇಕಾದ್ದು ಅಳಿಯ ಬ್ರಿಟಿಷ್ ಪ್ರಜೆಯೋ, ಕೆಲಸದ ವೀಸಾದಲ್ಲಿ ಹೋದವರೋ ಅನ್ನುವುದು. ಎರಡನೆಯದಾದರೆ ಈ ದಾರಿಯೇ ಬೇರೆ. ಯಾವ ದೇಶದ ಪಾಸ್‌ಪೋರ್ಟ್ ಅಂತ ನಿಶ್ಚಿತಾರ್ಥಕ್ಕೆ ಮುಂಚೆ ಕೇಳುವುದರಲ್ಲಿ ಸಂಕೋಚ ಬೇಡ.

ಅಳಿಯ ಬ್ರಿಟಿಷ್ ಪ್ರಜೆಯೇ ಆಗಿದ್ದರೆ ಮಗಳಿಗೆ ಮೊದಲು 33 ತಿಂಗಳ ಸಂಗಾತಿ ವೀಸಾ, ಆಮೇಲೆ 30 ತಿಂಗಳ ವಿಸ್ತರಣೆ. 2024ರ ಏಪ್ರಿಲ್‌ನಿಂದ ಹೊಸದಾಗಿ ಅರ್ಜಿ ಹಾಕುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. 5 ವರ್ಷ ಮುಗಿದ ಮೇಲೆ ಐಎಲ್‌ಆರ್ ಅನ್ನುವ ಕಾಯಂ ವಾಸದ ಅನುಮತಿ. ಇದು ಕೈಗೆ ಬಂದ ಮೇಲೇ ಪೌರತ್ವದ ಅರ್ಜಿ.

1981ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆಯಲ್ಲಿ ಪ್ರಜೆಯ ಗಂಡ ಅಥವಾ ಹೆಂಡತಿಗೆ 3 ವರ್ಷದ ವಾಸ ಸಾಕು ಅಂತಿದೆ. ಇದನ್ನಷ್ಟೇ ಓದಿ ಖುಷಿಪಡುವವರೇ ಜಾಸ್ತಿ. ಐಎಲ್‌ಆರ್‌ಗೇ 5 ವರ್ಷ ಬೇಕಲ್ಲ! ಲಾಭ ಇರುವುದು ಬೇರೆ ಕಡೆ: ಉಳಿದವರು ಐಎಲ್‌ಆರ್ ಸಿಕ್ಕಿ 12 ತಿಂಗಳು ಕಾಯಬೇಕು, ಇವರು ಕೂಡಲೇ ಅರ್ಜಿ ಹಾಕಬಹುದು.

ನಮ್ಮ ಕಡೆಯವರು ಎಡವುವ ಸಾಧ್ಯತೆ ಇರುವುದು ದಿನಗಳ ಲೆಕ್ಕದಲ್ಲಿ. ಅರ್ಜಿಗೆ ಹಿಂದಿನ 3 ವರ್ಷದಲ್ಲಿ ಬ್ರಿಟನ್‌ನಿಂದ ಹೊರಗಿದ್ದದ್ದು 270 ದಿನ ಮೀರಬಾರದು, ಕೊನೆಯ 12 ತಿಂಗಳಲ್ಲಿ 90 ದಿನ ಮೀರಬಾರದು. ವಿಮಾನ ಹತ್ತಿದ ದಿನ, ವಾಪಸ್ ಇಳಿದ ದಿನ ಲೆಕ್ಕಕ್ಕಿಲ್ಲ. ಸೀಮಂತಕ್ಕೆ ಬಂದ ಮಗಳು ಬಾಣಂತನ ಮುಗಿಸಿ ಹೊರಡುವ ಹೊತ್ತಿಗೆ 5 ತಿಂಗಳು, ಅಂದರೆ ಸುಮಾರು 150 ದಿನ ಆಗಿರುತ್ತೆ. 90 ಯಾವಾಗಲೋ ದಾಟಿತು. ಸ್ವಲ್ಪ ಹೆಚ್ಚಾದರೆ ಅಧಿಕಾರಿಗೆ ವಿವೇಚನೆ ಇದೆ, ಇಷ್ಟೊಂದು ಆದರೆ ಕಷ್ಟ. ಹಾಗಂತ ಅವಕಾಶವೇ ಹೋಯಿತು ಅಂತಲ್ಲ, ಆ ದಿನಗಳು ಕೊನೆಯ 12 ತಿಂಗಳಿಂದ ಹಿಂದೆ ಸರಿಯುವವರೆಗೆ ಕಾಯಬೇಕು. ಇನ್ನೊಂದು, ಅರ್ಜಿ ತಲುಪುವ ದಿನಕ್ಕೆ ಸರಿಯಾಗಿ 3 ವರ್ಷ ಹಿಂದೆ ಅವರು ಬ್ರಿಟನ್ ನೆಲದಲ್ಲೇ ಇದ್ದಿರಬೇಕು. ಹಳೆ ಟಿಕೆಟ್, ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಇಂಗ್ಲಿಷ್‌ನಲ್ಲಿ ಬಿ1 ಮಟ್ಟದ ಮಾತು ಬೇಕು. 'ಲೈಫ್ ಇನ್ ದಿ ಯುಕೆ' ಪರೀಕ್ಷೆಯೂ ಇದೆ: 24 ಪ್ರಶ್ನೆ, 45 ನಿಮಿಷ, 18 ಸರಿಯಾದರೆ ಪಾಸು. ಐಎಲ್‌ಆರ್‌ಗೆ ಪಾಸಾಗಿದ್ದರೆ ಮತ್ತೆ ಬರೆಯಬೇಕಿಲ್ಲ. ಪರಿಚಯದ ಇಬ್ಬರು ಜಾಮೀನಿನಂತೆ ಸಹಿ ಹಾಕಬೇಕು. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ, ಪ್ರಮಾಣವಚನ ಸಮಾರಂಭದ 130 ಪೌಂಡ್ ಸೇರಿ 1,735 ಪೌಂಡ್, ಸುಮಾರು 2 ಲಕ್ಷ ರೂಪಾಯಿ. ಅರ್ಜಿ ತಿರಸ್ಕಾರವಾದರೆ ಆ 130 ಮಾತ್ರ ವಾಪಸ್. ಆದ್ದರಿಂದ 'ಗ್ಯಾರಂಟಿ ಮಾಡಿಸಿಕೊಡ್ತೀನಿ' ಅನ್ನುವ ಏಜೆಂಟರಿಗೆ ದುಡ್ಡು ಕೊಡುವ ಮುಂಚೆ ಎರಡು ಸಲ ಯೋಚಿಸಿ. ಬ್ರಿಟನ್‌ನಲ್ಲಿ ನೋಂದಣಿ ಇಲ್ಲದೆ ವಲಸೆ ಸಲಹೆ ಕೊಡುವುದೇ ಅಪರಾಧ.

ಇಷ್ಟೆಲ್ಲ ಆದ ಮೇಲೆ ಊರಿನ ಕಡೆಯ ಲೆಕ್ಕ. ಭಾರತದಲ್ಲಿ ಇಬ್ಬಗೆ ಪೌರತ್ವ ಇಲ್ಲ. ಪ್ರಮಾಣವಚನ ಸ್ವೀಕರಿಸಿದ ಕ್ಷಣಕ್ಕೇ ಭಾರತದ ಪೌರತ್ವ ಹೋಗುತ್ತದೆ. ಇಲ್ಲಿನ ಪಾಸ್‌ಪೋರ್ಟ್ ಒಪ್ಪಿಸಬೇಕು, ಮತದಾರರ ಪಟ್ಟಿಯಲ್ಲಿ ಹೆಸರು ಇರುವಂತಿಲ್ಲ. ಒಸಿಐ ಕಾರ್ಡ್ ಮಾಡಿಸಿಕೊಂಡರೆ ವೀಸಾ ಇಲ್ಲದೆ ಬಂದು ಹೋಗಬಹುದು, ಮನೆ, ಸೈಟು ಕೊಳ್ಳಬಹುದು. ಹೊಲ, ತೋಟ ಕೊಳ್ಳುವ ಹಾಗಿಲ್ಲ. ಅಪ್ಪನಿಂದ ಪಾಲಿಗೆ ಬರುವ ಜಮೀನಿಗೆ ಅಡ್ಡಿಯಿಲ್ಲ, ಮಾರುವುದಾದರೆ ಭಾರತದಲ್ಲೇ ಇರುವ ಭಾರತೀಯ ಪ್ರಜೆಗೆ ಮಾತ್ರ.

ಅದಕ್ಕೇ ಕೆಲವರು ಐಎಲ್‌ಆರ್‌ಗೇ ನಿಂತು ಭಾರತದ ಪಾಸ್‌ಪೋರ್ಟ್ ಉಳಿಸಿಕೊಳ್ಳುತ್ತಾರೆ. ಅಂಥವರು 2 ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಬ್ರಿಟನ್‌ನಿಂದ ಹೊರಗಿದ್ದರೆ ಆ ಅನುಮತಿಯೂ ಸಾಮಾನ್ಯವಾಗಿ ರದ್ದಾಗುತ್ತದೆ.