ಬಂಡೀಪುರದ ಗೇಟ್ ರಾತ್ರಿ 9ಕ್ಕೇ ಯಾಕೆ ಮುಚ್ಚುತ್ತೆ?

ಟೆಂಟು, ಸ್ಟೌ, ಮಕ್ಕಳು, ಅಜ್ಜಿ ಎಲ್ಲ ಕಾರಿಗೆ ತುಂಬಿಕೊಂಡು ಬೆಂಗಳೂರಿಂದ ವಯನಾಡಿಗೆ ಕ್ಯಾಂಪಿಂಗ್ ಹೊರಟಿದ್ದೀರಿ. ಊಟ, ಟ್ರಾಫಿಕ್ಕು ಅಂತ ತಡವಾದರೆ ಗುಂಡ್ಲುಪೇಟೆ ಆಚೆ ಮದ್ದೂರು ಚೆಕ್‌ಪೋಸ್ಟ್ ಮುಚ್ಚಿರುತ್ತೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆಂಬುಲೆನ್ಸ್, ಕೆಲವೇ ಸರ್ಕಾರಿ ಬಸ್ಸು ಬಿಟ್ಟರೆ ಯಾರಿಗೂ ದಾರಿಯಿಲ್ಲ. 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಹೊರಡಿಸಿದ ಈ ಆದೇಶವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು.

ಲೆಕ್ಕ ಸರಳ. 80 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 22 ಮೀಟರ್. ಹೆಡ್‌ಲೈಟಿಗೆ ಕಣ್ಣು ಕೋರೈಸಿ ನಿಂತ ಜಿಂಕೆ ಕಂಡು ಕಾಲು ಬ್ರೇಕ್ ಮುಟ್ಟುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತೆ. ಬ್ರೇಕ್ ಹಿಡಿಯೋದು ಆಮೇಲಿನ ಮಾತು.

ವಯನಾಡಿನವರ ಸಿಟ್ಟು ಬೇರೆ. ಅವರಿಗಿದು ಟ್ರಿಪ್ ಅಲ್ಲ, ದಿನನಿತ್ಯದ ದಾರಿ, ಅದನ್ನು ಕೇಳಿಸಿಕೊಳ್ಳಲೇಬೇಕು. ನಮ್ಮ ವೀಕೆಂಡಿಗೆ ಆ ವಾದ ಎರವಲು ಬೇಡ. ಬೆಳಗ್ಗೆ ಬೇಗ ಹೊರಡಿ, ತಡವಾದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಿ ಹೋಗಿ.