ಕೊರಡು ತಿನ್ನುವ ಅಣಬೆ, ಬೇರು ಹೀರುವ ಹುಳು

ಚಿಪ್ಪಣಬೆ ಸತ್ತ ಮರವನ್ನು ಕೊಳೆಸಿ ಬದುಕುತ್ತದೆ. ಬೇರುಗಂಟು ಜಂತುಹುಳುವಿಗೆ ಜೀವಂತ ಬೇರೇ ಆಗಬೇಕು. ಒಂದು ಶಿಲೀಂಧ್ರ, ಇನ್ನೊಂದು ಪ್ರಾಣಿ. ಆದರೂ ಎರಡೂ ಒಡೆಯಬೇಕಾದದ್ದು ಒಂದೇ: ಸೆಲ್ಯುಲೋಸ್‌ನಿಂದಾದ ಸಸ್ಯಕೋಶದ ಗೋಡೆ.

ಅಡುಗೆಮನೆಗೆ ಬರುವುದು ಅಣಬೆಯ ಕೊಡೆ ಮಾತ್ರ. ಅದರ ನಿಜವಾದ ದೇಹ ಕೊರಡಿನೊಳಗೆ ಹಬ್ಬಿರುವ ಬಿಳಿ ಎಳೆಗಳ ಜಾಲ. ಈ ಎಳೆಗಳು ಕಿಣ್ವಗಳನ್ನು ಹೊರಕ್ಕೆ ಒಸರಿಸಿ, ಮರವನ್ನು ಅಲ್ಲೇ ಅರಗಿಸಿ ಹೀರುತ್ತವೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಕೂಡ ಇವುಗಳಿಗೆ ಮಣಿಯುತ್ತದೆ. ಜೀವಲೋಕದಲ್ಲಿ ಈ ಶಕ್ತಿ ಇರುವುದು ಕೆಲವೇ ಜೀವಿಗಳಿಗೆ. ಲಿಗ್ನಿನ್ ಹೋದ ಮರ ಬೆಳ್ಳಗೆ, ನಾರುನಾರಾಗಿ ಉಳಿಯುವುದರಿಂದ ಇದನ್ನು ಬಿಳಿ ಕೊಳೆ ಎನ್ನುತ್ತಾರೆ.

ಜಂತುಹುಳುವಿನ ಮರಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಬಾಯಲ್ಲಿರುವ ಟೊಳ್ಳು ಸೂಜಿಯಿಂದ ಕಿಣ್ವ ಚುಚ್ಚುತ್ತ ಬೇರಿನ ತುದಿಯ ಬಳಿ ಒಳನುಗ್ಗುತ್ತದೆ. ಸೆಲ್ಯುಲೋಸ್ ಒಡೆಯುವ ಸ್ವಂತ ಜೀನ್ ಪ್ರಾಣಿಗಳಲ್ಲಿ ಅಪರೂಪ; ಈ ಹುಳುವಿನ ಪೂರ್ವಜರಿಗೆ ಅದು ಬ್ಯಾಕ್ಟೀರಿಯಾಗಳಿಂದ ದಕ್ಕಿತೆಂದು ಜೀನ್ ಹೋಲಿಕೆಗಳು ತೋರಿಸುತ್ತವೆ. ಪೈನ್ ಮರಗಳನ್ನು ಒಣಗಿಸುವ ಇನ್ನೊಂದು ಜಂತುಹುಳುವಿನ ಇಂಥ ಜೀನ್‌ಗಳ ಮೂಲವಂತೂ ಶಿಲೀಂಧ್ರವೇ ಎನ್ನಲಾಗಿದೆ. ಆದರೆ ಗೋಡೆ ಒಡೆಯುವುದು ದಾರಿ ಮಾಡಿಕೊಳ್ಳಲಷ್ಟೆ. ಒಳಸೇರಿದ ಹುಳು ತನಗೆ ಬೇಕಾದ ಕೆಲವು ಕೋಶಗಳನ್ನು ಕೊಲ್ಲದೆ, ಹಲವು ಕೋಶಕೇಂದ್ರಗಳ ದೈತ್ಯ ಕೋಶಗಳಾಗಿ ಬೆಳೆಸಿ, ಅಲ್ಲಿಂದಲೇ ಉಣ್ಣುತ್ತದೆ. ಸುತ್ತಲಿನ ಬೇರು ಗಂಟುಗಟ್ಟುತ್ತದೆ. ಉಬ್ಬಿ ದುಂಡಗಾದ ಹೆಣ್ಣು ಕೂತಲ್ಲೇ ನೂರಾರು ಮೊಟ್ಟೆ ಇಡುತ್ತದೆ. ಟೊಮೆಟೊ, ಬದನೆ, ಬೆಂಡೆ ಗಿಡಗಳು ನೀರಿದ್ದರೂ ಮಧ್ಯಾಹ್ನ ಬಾಡುವುದಕ್ಕೆ ಇದೂ ಒಂದು ಕಾರಣ.

ಇವೆರಡರ ಹೋಲಿಕೆಯಲ್ಲಿ ಹೆಚ್ಚು ಕುತೂಹಲದ ಸಂಗತಿ ಬೇರೆಯೇ ಇದೆ. ಮರದಲ್ಲಿ ಇಂಗಾಲ ಹೇರಳ, ಸಾರಜನಕ ತೀರಾ ಕಡಿಮೆ. ಆ ಕೊರತೆ ನೀಗಿಸಿಕೊಳ್ಳಲು ಚಿಪ್ಪಣಬೆ ಜಂತುಹುಳುಗಳನ್ನೇ ಬೇಟೆಯಾಡುತ್ತದೆ. ಕೆನಡಾದ ಥಾರ್ನ್ ಮತ್ತು ಬ್ಯಾರನ್ 1984ರಲ್ಲಿ ಇದನ್ನು ವಿವರಿಸಿದರು. ಎಳೆಗಳ ಮೇಲಿನ ಸಣ್ಣ ಗುಂಡುಗಳಿಗೆ ತಾಗಿದ ಹುಳು ನಿಮಿಷಗಳಲ್ಲೇ ಸ್ತಬ್ಧವಾಗುತ್ತದೆ. ಬಳಿಕ ಎಳೆಗಳು ಅದರೊಳಗೆ ಹೊಕ್ಕು ಅರಗಿಸಿಕೊಳ್ಳುತ್ತವೆ. ಆ ಗುಂಡುಗಳಲ್ಲಿರುವ ವಿಷ 3-ಆಕ್ಟನೋನ್ ಎಂಬ ಆವಿಯಾಗುವ ರಾಸಾಯನಿಕವೆಂದು ತೈವಾನ್‌ನ ಸಂಶೋಧಕರು 2023ರಲ್ಲಿ ತಿಳಿಸಿದರು.

ಹಾಗೆಂದು ಬೇರುಗಂಟು ರೋಗಕ್ಕೆ ಚಿಪ್ಪಣಬೆಯೇ ಮದ್ದು ಎನ್ನುವಂತಿಲ್ಲ. ಬೇರಿನೊಳಗೆ ನೆಲೆಸಿದ ಹುಳು ಎಳೆಗಳಿಗೆ ಎಟುಕುವುದಿಲ್ಲ. ಸಿಕ್ಕಿಬೀಳುವುದೇನಿದ್ದರೂ ಮುಖ್ಯವಾಗಿ ಮೊಟ್ಟೆಯೊಡೆದು ಬೇರು ಹುಡುಕುತ್ತ ಮಣ್ಣಿನಲ್ಲಿ ಹರಿದಾಡುವ ಮರಿ.